ಬೆರಳಚ್ಚೂ ಒಂದು ಅಮಾನತು

ಯಾರದಾದರೂ ಬ್ಯಾಂಕ್ ಖಾತೆಯಿಂದ ಹಣ ಮಾಯವಾಯಿತೆಂದು ಕೇಳಿದಾಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು 'ಅಯ್ಯೋ ಪಾಪ' ಎಂಬುದಲ್ಲ. 'ಒಟಿಪಿ ಯಾಕೆ ಕೊಟ್ಟರಂತೆ?' ಎಂಬುದು. ಕಳ್ಳನ ವಿಚಾರ ಆಮೇಲೆ, ಕಳಕೊಂಡವನ ವಿಚಾರಣೆ ಮೊದಲು. ಮನೆಗೆ ಕನ್ನ ಬಿದ್ದರೆ ನೆರೆಯವರನ್ನು ಕೂಗಿ ಕರೆಯುವವರು, ಖಾತೆಗೆ ಕನ್ನ ಬಿದ್ದಾಗ ಹೆಂಡತಿ ಮಕ್ಕಳಿಗೂ ಹೇಳದೆ ಒಳಗೊಳಗೇ ಬೇಯುವುದು ಇದೇ ಕಾರಣಕ್ಕೆ.

ಆದರೆ ಒಟಿಪಿಯನ್ನೇ ಕೊಡದವರು ಹಣ ಕಳಕೊಂಡರೆ ಏನೆನ್ನೋಣ? 2023ರಲ್ಲಿ ಮಂಗಳೂರಿನಲ್ಲಿ ಅದೇ ಆಯಿತು. ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಹಣ ಹೋಯಿತು. ಅವರಿಗೆ ಯಾವ ಕರೆಯೂ ಬಂದಿರಲಿಲ್ಲ, ಅವರು ಯಾವ ಲಿಂಕನ್ನೂ ಒತ್ತಿರಲಿಲ್ಲ. ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚನ್ನೇ ವಂಚಕರು ನಕಲು ಮಾಡಿದ್ದರೆಂದು ಪೊಲೀಸರು ಹೇಳಿದರು.

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದು. ಬ್ಯಾಂಕು ದೂರವಿರುವ ಹಳ್ಳಿಯ ಅನಕ್ಷರಸ್ಥ ಮುದುಕಿಗೂ ತನ್ನ ಪಿಂಚಣಿ ಸಿಗಲಿ ಎಂಬ ಸದುದ್ದೇಶದ ಏರ್ಪಾಡು ಅದು. ಆದರೆ ಕ್ರಯಪತ್ರದ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟೂ ಒಟ್ಟಿಗೆ ಸಿಕ್ಕರೆ, ಕಳ್ಳನ ಕೈಗೆ ಬೀಗದ ವಿಳಾಸವನ್ನೂ ಕೀಲಿಕೈಯನ್ನೂ ಕೊಟ್ಟಂತೆಯೇ. ಪಾಸ್‌ವರ್ಡ್ ಕಳವಾದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸಲಾದೀತೇ?

ಇಲ್ಲಿ ಹಣ ಕಳಕೊಂಡವರು ಮಾಡಿದ ತಪ್ಪಾದರೂ ಏನು? ಕಾನೂನು ಕೇಳಿದಲ್ಲಿ ಹೆಬ್ಬೆಟ್ಟು ಒತ್ತಿದರು, ಅಷ್ಟೇ. ಹಾಗಾಗಿ ಮಾಹಿತಿಯ ರಕ್ಷಣೆ ಅದರ ಒಡೆಯನ ಜಾಣತನಕ್ಕಷ್ಟೇ ಬಿಟ್ಟ ವಿಷಯವಲ್ಲ. ಅದನ್ನು ಪಡೆದಿಟ್ಟುಕೊಂಡವರ ಪ್ರಾಮಾಣಿಕತೆಯ ಪ್ರಶ್ನೆ ಅದಕ್ಕಿಂತ ದೊಡ್ಡದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ದೊಡ್ಡ ತೀರ್ಪು ನಿಜ. ಆದರೆ ಆ ಹಕ್ಕು ಉಳಿಯುವುದೂ ಅಳಿಯುವುದೂ ನಮ್ಮ ನಿಮ್ಮ ಮೇಜಿನ ಡ್ರಾಯರುಗಳಲ್ಲಿ.

ನಾವು ನಡೆಸುವ ಸಂಘ, ಶಾಲೆ, ಮಸೀದಿ ಕಮಿಟಿ, ಅಂಗಡಿಗಳನ್ನೇ ನೋಡೋಣ. ವಿದ್ಯಾರ್ಥಿವೇತನಕ್ಕೆಂದು, ಪಡಿತರ ಕಿಟ್‌ಗೆಂದು, ಸಿಮ್‌ಗೆಂದು ಪಡೆದ ಆಧಾರ್ ಜೆರಾಕ್ಸ್‌ಗಳು ವರ್ಷಗಟ್ಟಲೆ ಕಪಾಟಿನಲ್ಲಿ ಕೊಳೆಯುತ್ತವೆ. ಕೊನೆಗೆ ಗುಜರಿಗೆ ಹೋಗುತ್ತವೆ. ಬಡ ರೋಗಿಯೊಬ್ಬನಿಗೆ ನೆರವು ಕೋರುವಾಗ ಅವನ ಪಾಸ್‌ಬುಕ್, ಆಧಾರ್ ಕಾರ್ಡುಗಳ ಚಿತ್ರಗಳನ್ನೇ ಹತ್ತಾರು ವಾಟ್ಸಾಪ್ ಗುಂಪುಗಳಿಗೆ ರವಾನಿಸುತ್ತೇವೆ. ನಮ್ಮ ಮನೆಯವರ ಕಾಗದಗಳಾಗಿದ್ದರೆ ಹಾಗೆ ಹಂಚುತ್ತಿದ್ದೆವೇ? ಉಪಕಾರ ಮಾಡುತ್ತಲೇ ಅಪಕಾರ ಮಾಡುವುದೆಂದರೆ ಇದೇ.

'ಅಮಾನತು' ಎಂದೊಡನೆ ಇಂದು ನಮಗೆ ನೆನಪಾಗುವುದು ಅಧಿಕಾರಿಗಳ ಅಮಾನತು. ಅರಬಿಯಿಂದ ಬಂದ ಆ ಪದಕ್ಕೆ ಮೂಲದಲ್ಲಿ, ನಂಬಿ ಒಪ್ಪಿಸಿದ ವಸ್ತು ಎಂಬ ಅರ್ಥವಿದೆ. ಅದು ನಮ್ಮ ಬಳಿ ಇರುತ್ತದೆ, ಆದರೆ ನಮ್ಮದಲ್ಲ. ಚಿನ್ನವನ್ನು ನಂಬಿ ಇಟ್ಟರೆ ಬೀಗ ಹಾಕಿಡುವ ನಾವು ಕಾಗದದ ತುಂಡಿಗೂ ಅದೇ ನಿಯತ್ತನ್ನು ತೋರಬೇಡವೇ? ಅಗತ್ಯವಿಲ್ಲದ್ದನ್ನು ಕೇಳದಿರೋಣ. ಕೆಲಸ ಮುಗಿದ ಮೇಲೆ ಹರಿದು ಹಾಕೋಣ.

ನಮ್ಮದನ್ನು ನಾವು ಕಾಯುವುದೂ ಕರ್ತವ್ಯವೇ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಲಾಕ್ ಹಾಕಬಹುದು. ಸಾಧ್ಯವಿದ್ದಲ್ಲಿ ಕೊನೆಯ 4 ಅಂಕಿಗಳಷ್ಟೇ ಕಾಣುವ ಆಧಾರ್ ಪ್ರತಿಯನ್ನು ಕೊಡಬಹುದು. ಪಿನ್, ಒಟಿಪಿಗಳನ್ನಂತೂ ಯಾರಿಗೂ ಹೇಳುವಂತಿಲ್ಲ. ಅದು ಆಪ್ತರ ಮೇಲಿನ ಅಪನಂಬಿಕೆಯಲ್ಲ, ಅವರನ್ನು ಸಂಶಯದಿಂದ ಪಾರು ಮಾಡುವ ಬಗೆ.

ಇಷ್ಟಾದರೂ ಯಾರಾದರೂ ಮೋಸ ಹೋದರೆ, ತಡ ಮಾಡದೆ 1930ಕ್ಕೆ ಕರೆ ಮಾಡಿ ಬ್ಯಾಂಕಿಗೂ ತಿಳಿಸಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಯುವ ಅವಕಾಶ ಆ ಮೊದಲ ಗಂಟೆಗಳಲ್ಲಿದೆ. ಆ ಗಂಟೆಗಳನ್ನು ನುಂಗುವುದು ನಾಚಿಕೆ. ಆ ನಾಚಿಕೆಯನ್ನು ಹುಟ್ಟಿಸುವುದು ನಮ್ಮ ಪ್ರಶ್ನೆ. ಇನ್ನು ಮುಂದೆ 'ಯಾಕೆ ಕೊಟ್ಟಿರಿ?' ಎನ್ನುವ ಮೊದಲು 'ದೂರು ಕೊಟ್ಟಿರಾ? ನಾನೂ ಬರಲಾ?' ಎಂದು ಕೇಳೋಣ.