ಕತ್ತಿ ಕೆಳಗಿಡುವ ಹೊತ್ತು

ವೈಶಾಖದಲ್ಲಿ ಬೆಳಗಾವಿಯಲ್ಲಿ ನಡೆಯುವ ಶಿವಜಯಂತಿಯ ಚಿತ್ರರಥ ಮೆರವಣಿಗೆ ಇಡೀ ರಾತ್ರಿಯ ಕಾರುಬಾರು. ಗಲ್ಲಿಗೊಂದು ಮಂಡಳ, ಮಂಡಳಕ್ಕೊಂದು ಟ್ರ್ಯಾಕ್ಟರ್, ಅದರ ಟ್ರೇಲರಿನ ಮೇಲೆ ಬುರುಜು, ಡೇರೆ, ದರಬಾರು. ಜಿರೇಟೋಪು ತೊಟ್ಟು, ಸೊಂಟಕ್ಕೆ ಶೇಲೆ ಬಿಗಿದು, ಢಾಲು ಕತ್ತಿ ಹಿಡಿದ ಹುಡುಗರು ಅಫ್ಜಲಖಾನನ ವಧೆಯನ್ನೋ ಪಾವನಖಿಂಡದ ಬಾಜಿಪ್ರಭುವನ್ನೋ ಚೌಕು ಚೌಕಿಗೆ ನಿಂತು ಆಡಿ ತೋರಿಸುತ್ತಾರೆ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ, ಜನವರಿ 12 ಮತ್ತು 13ರಂದು ಸಂಗೊಳ್ಳಿ ಉತ್ಸವ; ಅಲ್ಲಿಯೂ ಕುದುರೆ, ಕತ್ತಿ, ಕಂಪನಿಯ ಸಿಪಾಯಿಗಳ ಕೆಂಪು ಅಂಗಿ. ಒಂದು ಕಡೆ ಮರಾಠಿ, ಇನ್ನೊಂದು ಕಡೆ ಕನ್ನಡ. ಒಂದು ಕಡೆ ಭಗವಾ ಧ್ವಜ, ಇನ್ನೊಂದು ಕಡೆ ಹಳದಿ ಕೆಂಪು. ಮೈಮೇಲೆ ಏರುವ ಸಾಮಾನು ಮಾತ್ರ ಹೆಚ್ಚುಕಡಿಮೆ ಒಂದೇ. ಇದು ನಾಟಕವೋ, ಇತಿಹಾಸದ ಪಾಠವೋ, ಪೂಜೆಯೋ? ಸಂಘಟಕರನ್ನು ಕೇಳಿದರೆ ಮೂರೂ ಹೌದು ಎಂದಾರು. ಆದರೆ ರಸ್ತೆಬದಿಯ ಜನ ಆ ವೇಷಕ್ಕೆ ಹೂ ಎಸೆದು ಕೈ ಮುಗಿಯುತ್ತಾರೆ. ಪಾಠಕ್ಕೆ ಯಾರೂ ಕೈ ಮುಗಿಯುವುದಿಲ್ಲ. ಹಾಗಾಗಿ ಇದನ್ನು ಒಂದು ಧಾರ್ಮಿಕ ಕ್ರಿಯೆ ಎಂದೇ ಹಿಡಿದು, ನಮ್ಮ ನೆಲದ ಬೇರೆ ಕ್ರಿಯೆಗಳಿಗೆ ಹಚ್ಚುವ ಒರೆಗಲ್ಲನ್ನೇ ಇದಕ್ಕೂ ಹಚ್ಚಬೇಕು ಎನ್ನುವುದು ನನ್ನ ವಾದ. ಹಚ್ಚಿ ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ: ಕತ್ತಿ ಎತ್ತುವುದರಲ್ಲಿ ಇರುವ ಶ್ರದ್ಧೆ ಅದನ್ನು ಕೆಳಗಿಡುವುದರಲ್ಲಿ ಇಲ್ಲ.

ಯುದ್ಧವನ್ನು ಮತ್ತೆ ಆಡುವುದರ ಸಮಸ್ಯೆ ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯವೇ ಅದರ ಕಥೆ. ಇಂದ್ರಧ್ವಜದ ಹಬ್ಬದಲ್ಲಿ ಜಗತ್ತಿನ ಮೊಟ್ಟಮೊದಲ ಪ್ರಯೋಗ ನಡೆಯುತ್ತದೆ. ವಸ್ತು ಏನು? ದೇವತೆಗಳು ದೈತ್ಯರನ್ನು ಸೋಲಿಸಿದ್ದು. ಗೆದ್ದವರ ಹಬ್ಬ, ಗೆದ್ದವರ ಕಥೆ, ಎದುರಿಗೆ ಗೆದ್ದವರೇ ಪ್ರೇಕ್ಷಕರು. ಸೋತವರೂ ಅಲ್ಲಿಗೆ ಬಂದಿದ್ದರು ಎಂಬುದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ವಿರೂಪಾಕ್ಷನ ಮುಂದಾಳತ್ವದಲ್ಲಿ ದೈತ್ಯರ ಕಡೆಯ ವಿಘ್ನಗಳು ರೇಗಿ ನಟರ ಮಾತು, ಚಲನೆ, ನೆನಪು ಮೂರನ್ನೂ ಸ್ತಂಭನಗೊಳಿಸಿದವು. ಇಂದ್ರ ಧ್ವಜದ ಕೋಲು ಕಿತ್ತು ಬಡಿದ. ಆ ಕೋಲೇ ಜರ್ಜರವಾಗಿ ರಂಗದ ಪೂಜೆಗೆ ಬಂತು. ಅಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಬರೀ ಬಂದೋಬಸ್ತಿನ ಕಥೆ. ಪೆಟ್ಟು ತಿಂದರೂ ವಿಘ್ನಗಳ ಕಾಟ ನಿಲ್ಲಲಿಲ್ಲ, ಹೀಗಾಗಿ ಬ್ರಹ್ಮನೇ ಅವರನ್ನು ಕರೆದು ಮಾತಾಡಬೇಕಾಯಿತು. ದೇವತೆಗಳ ಇಷ್ಟಕ್ಕಾಗಿ ನಮ್ಮನ್ನು ಅವಮಾನಿಸಿದ್ದೀರಿ ಎಂಬ ಅವರ ದೂರನ್ನು ಬ್ರಹ್ಮ ಸುಳ್ಳೆಂದು ತಳ್ಳಿಹಾಕಲಿಲ್ಲ. ಈ ನಾಟ್ಯ ನಿಮ್ಮೊಬ್ಬರದೂ ಅಲ್ಲ, ದೇವತೆಗಳೊಬ್ಬರದೂ ಅಲ್ಲ, ಮೂರು ಲೋಕದ ಭಾವಗಳೂ ಇದರೊಳಗೆ ಬರಬೇಕು ಎಂದು ಕಟ್ಟಳೆಯನ್ನೇ ಹಿಗ್ಗಿಸಿದ. ಕಾಳಗದ ಮರುಪ್ರಯೋಗಕ್ಕೆ ನಮ್ಮ ಪರಂಪರೆ ಹಾಕಿದ ಮೊದಲ ಷರತ್ತು ಇದು: ಸೋತವನ ಕಡೆಯವನು ಪ್ರೇಕ್ಷಕರಲ್ಲಿ ಕೂತಿದ್ದಾನೆ, ಅವನಿಗೂ ಆಟ ಸಲ್ಲಬೇಕು. ಎರಡು ಭಾಷೆ, ಹಲವು ಧರ್ಮಗಳ ಜನ ಒಂದೇ ಖಡೇಬಜಾರಿನಲ್ಲಿ ಓಡಾಡುವ ಬೆಳಗಾವಿಗೆ ಈ ಷರತ್ತು ಎಷ್ಟು ಹತ್ತಿರದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಭಾವದ ಮಾತು ಆಮೇಲೆ. ಮೊದಲು ವಸ್ತುನಿಷ್ಠತೆ ಮುಖ್ಯ. ಆ ಕಾಲದ ಆಯುಧ ಹೇಗಿತ್ತು, ಅಂಗಿಯ ಹೊಲಿಗೆ ಹೇಗಿತ್ತು ಎಂದು ಹುಡುಕಿ ಸರಿಯಾಗಿ ಮಾಡಿದರೆ ಸತ್ತವರಿಗೆ ಅದೇ ದೊಡ್ಡ ಗೌರವ ಎನ್ನುವವರಿದ್ದಾರೆ. ಯುರೋಪಿನಲ್ಲಿ ವಾಟರ್ಲೂ ಕಾಳಗವನ್ನು ಮತ್ತೆ ಆಡುವವರು ಗುಂಡಿಯ ಹಿತ್ತಾಳೆಗೂ ಪುರಾವೆ ಕೇಳುತ್ತಾರಂತೆ. ಈ ಶಿಸ್ತಿನಿಂದ ನಿಜವಾದ ಜ್ಞಾನ ಹುಟ್ಟುತ್ತದೆ ಎಂಬುದನ್ನು ಒಪ್ಪಬೇಕು. ದಾಂಡಪಟ್ಟ ಎಂಬ ಕತ್ತಿಯನ್ನೇ ತೆಗೆದುಕೊಳ್ಳಿ. ಅದರ ಹಿಡಿ ಒಂದು ಕಬ್ಬಿಣದ ಕೈಗವಸು. ಮೊಣಕೈವರೆಗೂ ತೋಳನ್ನು ಮುಚ್ಚುತ್ತದೆ, ಒಳಗೆ ಅಡ್ಡ ಕಂಬಿಯನ್ನು ಮುಷ್ಟಿ ಹಿಡಿಯುತ್ತದೆ. ಮಣಿಕಟ್ಟು ಮಣಿಯುವಂತಿಲ್ಲ. ಹಾಗಾಗಿ ಬೀಸು ಹುಟ್ಟುವುದು ಭುಜದಿಂದ, ಸೊಂಟದಿಂದ. ಆಡುವವನು ಇಡೀ ಮೈಯನ್ನು ತಿರುಗಿಸಲೇಬೇಕು. ತಾಲೀಮಿನಲ್ಲಿ ಅದನ್ನು ಕಲಿತ ಹುಡುಗನಿಗೆ ತಿಳಿಯುವ ಸಂಗತಿ ಯಾವ ಪುಸ್ತಕದಲ್ಲೂ ಸಿಗದು. ಮರದ ಕತ್ತಿಗೆ ಬೆಳ್ಳಿ ಬಣ್ಣ ಬಳಿದು ನಿಲ್ಲುವವನಿಗಿಂತ ಅವನು ಇತಿಹಾಸಕ್ಕೆ ಹತ್ತಿರ ಇದ್ದಾನೆ.

ಆದರೆ ಎಷ್ಟು ಹತ್ತಿರ? ರಸ ಎಂದರೆ ಅನುಕರಣೆ ಎಂದು ನಾಟ್ಯಶಾಸ್ತ್ರದ ಹಳೆಯ ವ್ಯಾಖ್ಯಾನಕಾರ ಶಂಕುಕ ವಾದಿಸಿದ್ದ. ಚಿತ್ರದಲ್ಲಿರುವ ಕುದುರೆಯನ್ನು ಕುದುರೆ ಎಂದೇ ಗ್ರಹಿಸುವಂತೆ ನಟನನ್ನು ರಾಮ ಎಂದು ಗ್ರಹಿಸುತ್ತೇವೆ ಎಂಬುದು ಅವನ ನಿದರ್ಶನ. ಅಭಿನವಗುಪ್ತ ತನ್ನ ಗುರು ಭಟ್ಟತೌತನ ದಾರಿ ಹಿಡಿದು ಇದನ್ನು ಒಡೆದ ರೀತಿ ನಮ್ಮ ವಿಷಯಕ್ಕೆ ಹೇಳಿಮಾಡಿಸಿದಂತಿದೆ. ನಟನ ಶಿರಸ್ತ್ರಾಣ, ಉಡುಪು, ರೋಮಾಂಚ ಇವೆಲ್ಲ ಜಡ, ಕಣ್ಣಿಗೆ ಬೀಳುವಂಥವು. ಉತ್ಸಾಹ ಅಥವಾ ರತಿ ಚಿತ್ತದೊಳಗಿನದು. ಕಾಣುವ ವಸ್ತು ಕಾಣದ ಭಾವದ ನಕಲಾಗುವುದು ಹೇಗೆ? ಮೇಲಾಗಿ ಮೂಲವನ್ನು ನೋಡಿದವನು ಮಾತ್ರ ಇದು ಅದರ ನಕಲು ಎನ್ನಬಲ್ಲ. ರಾಮನ ಉತ್ಸಾಹವನ್ನು ನೋಡಿದವರು ಯಾರು? ಹಾಗೆಯೇ ಬಾಜಿಪ್ರಭುವಿನ ಢಾಲನ್ನು ಕಮ್ಮಾರ ನಕಲು ಮಾಡಬಲ್ಲ, ಸಾಯುವುದು ಖಚಿತ ಎಂದು ತಿಳಿದೂ ಕಣಿವೆಯಲ್ಲಿ ನಿಂತ ಆ ಹೊತ್ತಿನ ಅವನ ಮನಸ್ಸನ್ನಲ್ಲ. ಟ್ರೇಲರಿನ ಮೇಲಿನ ಹುಡುಗ ಬೆಳಗಿನ ಜಾವ ಮನೆಗೆ ಹೋಗಿ ಮಲಗುತ್ತಾನೆ. ಅವನ ತಪ್ಪೇನಿಲ್ಲ. ಆದರೆ ವೀರವನ್ನು ಆಯುಧದಲ್ಲೇ ಹುಡುಕುವ ಚಟ ಆಯುಧವನ್ನೇ ದೇವರಾಗಿಸುತ್ತದೆ. 2024ರ ಜುಲೈಯಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಿಂದ ಮೂರು ವರ್ಷದ ಕಡ ರೂಪದಲ್ಲಿ ಸಾತಾರಕ್ಕೆ ವ್ಯಾಘ್ರನಖ ಎಂಬ ಹುಲಿಯುಗುರಿನ ಆಯುಧ ಬಂದಾಗ ದೊಡ್ಡ ಸ್ವಾಗತವೇ ನಡೆಯಿತು. ಅಫ್ಜಲಖಾನನ ಮೇಲೆ ಬಳಸಿದ್ದು ಇದೇ ಎಂದು ಖಚಿತಪಡಿಸಲು ಆಗದು ಎಂದು ಆ ಮ್ಯೂಸಿಯಮ್ಮೇ ಹೇಳಿತ್ತು. ಭಕ್ತಿಗೆ ಪುರಾವೆ ಬೇಡ, ಸರಿ. ಹಾಗಿದ್ದರೆ ವಸ್ತುನಿಷ್ಠತೆಯ ಹೆಸರಲ್ಲಿ ಅದನ್ನು ಸಮರ್ಥಿಸುವುದೂ ಬೇಡ.

ವೀರನನ್ನು ನೆನೆಯಲು ಕನ್ನಡ ನಾಡು ಕಂಡುಕೊಂಡ ಸ್ವಂತ ರೂಪ ವೀರಗಲ್ಲು, ಮತ್ತು ಅದು ಆಯುಧದ ಬಗ್ಗೆ ಬಹಳ ಸ್ಪಷ್ಟವಾದ ನಿಲುವು ತಳೆದಿದೆ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ತುಳಿದಾಡುವ ಕುದುರೆ, ಅಟ್ಟಿಕೊಂಡು ಹೋಗುವ ತುರು. ಶಿಲ್ಪಿ ಆಯುಧದ ವಿವರದಲ್ಲಿ ಜಿಪುಣತನ ತೋರಿಸಿಲ್ಲ. ಇಂದು ಕವಚ ಕತ್ತಿಗಳ ಮಾದರಿ ಹುಡುಕುವವರಿಗೆ ಅದು ಒಳ್ಳೆಯ ಆಕರ. ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಅಂಕಣದಲ್ಲಿ ಲಿಂಗ, ಪಕ್ಕದಲ್ಲಿ ಅರ್ಚಕ, ಎದುರಿಗೆ ಅದೇ ವೀರ ಕೈ ಮುಗಿದು ಕೂತಿದ್ದಾನೆ. ಕೈಯಲ್ಲಿ ಕತ್ತಿ ಇಲ್ಲ. ಜಿನಭಕ್ತನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಬಿಂಬ ಬಂದೀತು, ಕೈ ಮಾತ್ರ ಬರಿದೇ. ಕಾಳಗವನ್ನು ಮರೆಮಾಚಿಲ್ಲ, ಅಲ್ಲೇ ನಿಲ್ಲಿಸಿಯೂ ಇಲ್ಲ. ಖಾನಾಪುರ ತಾಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳೂ ಇದೇ ದಿಕ್ಕಿನಲ್ಲಿವೆ. ಐದನೆಯ ಶತಮಾನದಲ್ಲಿ ಕಾಕುತ್ಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟ. ಕಾಕುತ್ಸ್ಥವರ್ಮನ ವಂಶದ ರವಿವರ್ಮ ಜಿನೇಂದ್ರನ ಎಂಟು ದಿನದ ವಾರ್ಷಿಕ ಉತ್ಸವಕ್ಕೂ ಮಳೆಗಾಲದ ನಾಲ್ಕು ತಿಂಗಳು ಯತಿಗಳ ಊಟಕ್ಕೂ ಏರ್ಪಾಡು ಮಾಡಿದ. ಅಹಿಂಸೆಯ ಧರ್ಮವನ್ನು ನಂಬಿದವನು ಸೇನಾಪತಿಯೂ ಆಗಿದ್ದ. ಪಲಾಶಿಕೆಯ, ಅಂದರೆ ಇಂದಿನ ಹಲಸಿಯ, ರಾಜರಿಗೆ ಅದರಲ್ಲಿ ವಿರೋಧ ಕಾಣಲಿಲ್ಲ.

ಆಯುಧಪೂಜೆ ಇದೆಯಲ್ಲ, ನಮ್ಮ ಧರ್ಮವೇ ಶಸ್ತ್ರವನ್ನು ಪೂಜಿಸುತ್ತದಲ್ಲ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಬರಲಿ. ಖಂಡೇನವಮಿಯ ದಿನ ಶಸ್ತ್ರ ಏನು ಮಾಡುತ್ತದೆ? ಮಣೆಯ ಮೇಲೆ ಕೂರುತ್ತದೆ. ಕುಡುಗೋಲು, ರಂಟೆ, ಮಗ್ಗ, ಈಗ ಲೇತ್ ಮಷೀನು, ಎಲ್ಲಕ್ಕೂ ಆ ದಿನ ರಜೆ. ಪೂಜೆಯ ನಿಯಮವೇ ಅವುಗಳನ್ನು ಬಳಸದಿರುವುದು. ಮರುದಿನದ ಬನ್ನಿ ಇನ್ನೂ ವಿಶೇಷ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬನ್ನಿ ಮರದ ಮೇಲೆ ಕಟ್ಟಿಟ್ಟರು ಎಂಬುದು ಕಥೆ. ಸೀಮೋಲ್ಲಂಘನ ಎಂದರೆ ಮಳೆ ನಿಂತ ಮೇಲೆ ದಂಡು ಗಡಿ ದಾಟಿ ದಂಡಯಾತ್ರೆಗೆ ಹೊರಡುವ ಮುಹೂರ್ತ. ಅಂದರೆ ವಿಜಯದಶಮಿಯೂ ಯುದ್ಧದ ಒಂದು ಮರುಪ್ರಯೋಗವೇ. ಆದರೆ ಊರವರು ಸೀಮೆ ದಾಟಿ ಹೋಗಿ ತರುವುದು ಎಲೆ. ತಂದು ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬೀಳುತ್ತಾರೆ, ಮಾತು ಬಿಟ್ಟವರ ಕೈಗೂ ಕೊಡುತ್ತಾರೆ, ಬನ್ನಿ ತಗೊಂಡು ಬಂಗಾರದಂಗ ಇರೋಣು ಅನ್ನುತ್ತಾರೆ. ಲೂಟಿಯ ಬಂಗಾರದ ಜಾಗಕ್ಕೆ ಎಲೆ ಬಂದದ್ದು ಯಾವ ಸುಧಾರಕನ ಅಪ್ಪಣೆಯಿಂದಲೂ ಅಲ್ಲ. ಜನ ತಲೆಮಾರುಗಟ್ಟಲೆ ಆಡುತ್ತ ಆಡುತ್ತ ಆಟವನ್ನು ಪಕ್ವ ಮಾಡಿದರು. ಚಿತ್ರರಥಕ್ಕೆ ಆ ವಯಸ್ಸು ಇನ್ನೂ ಬಂದಿಲ್ಲ ಎನ್ನಬಹುದು.

ಹೀಗೆ ಹೇಳಿದರೆ ವೀರರನ್ನು ಸಾಧುಗಳನ್ನಾಗಿ ಮಾಡಿ ಇತಿಹಾಸದ ಹಲ್ಲು ಕೀಳುತ್ತಿದ್ದೀರಿ ಎಂಬ ಸಿಟ್ಟು ಸಹಜ. ನಾನು ಹೇಳುವುದು ಅದರ ತಿರುವುಮುರುವು: ಕತ್ತಿ ಎತ್ತಿದ ಕ್ಷಣವನ್ನಷ್ಟೇ ಆಡುವುದು ಇತಿಹಾಸವನ್ನು ಕುಗ್ಗಿಸುತ್ತದೆ. ಕಿತ್ತೂರನ್ನೇ ನೋಡಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಗುಂಡು ತಾಗಿ ಸತ್ತ. ಎಲ್ಲ ಪ್ರಯೋಗದಲ್ಲೂ ಚಪ್ಪಾಳೆ ಬೀಳುವ ಜಾಗ ಅದು. ಅದೇ ದಿನ ಸ್ಟೀವನ್ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಕಿತ್ತೂರಿನ ರಾಣಿ ಚೆನ್ನಮ್ಮ ಆ ಇಬ್ಬರನ್ನು ಕೊಲ್ಲಲಿಲ್ಲ. ಯುದ್ಧ ನಿಲ್ಲಿಸುವ ಮಾತು ನಂಬಿ ಬಿಟ್ಟುಕೊಟ್ಟಳು. ಕಂಪನಿ ಮಾತು ಉಳಿಸಿಕೊಳ್ಳಲಿಲ್ಲ, ಡಿಸೆಂಬರಿನಲ್ಲಿ ಕೋಟೆ ಬಿತ್ತು. ಧರ್ಮದ ಪ್ರಶ್ನೆ ಇರುವುದು ಥ್ಯಾಕರೆಯ ಸಾವಿನಲ್ಲಲ್ಲ, ಈ ಬಿಡುಗಡೆಯಲ್ಲಿ. ಕೊಟ್ಟ ಮಾತನ್ನು ಶತ್ರು ಮುರಿಯಬಹುದು ಎಂದು ಗೊತ್ತಿದ್ದೂ ಸೆರೆಯಾಳನ್ನು ಬಿಡುವುದು ಮೂರ್ಖತನವೇ, ಕ್ಷಾತ್ರವೇ? ಇದನ್ನು ಆಡಲು ಫಿರಂಗಿ ಬೇಡ, ಇಬ್ಬರು ಒಳ್ಳೆಯ ನಟರು ಸಾಕು. ಕಿತ್ತೂರಿನ ಪರ ಹೋರಾಡಿದ ಸಂಗೊಳ್ಳಿ ರಾಯಣ್ಣನ ಕಥೆ ಇನ್ನೂ ಕಟುವಾದದ್ದು. ಅವನ ಹೋರಾಟದ ದೊಡ್ಡ ಭಾಗ ಖಾನಾಪುರದ ಕಾಡುಸೀಮೆಯಲ್ಲಿ, ಬೀಡಿಯಂಥ ಊರುಗಳ ಕಚೇರಿ ಸುಟ್ಟದ್ದರಲ್ಲಿ ಇದೆ. 1830ರಲ್ಲಿ ಅವನು ಸೆರೆಯಾದದ್ದು ಹಳ್ಳದಲ್ಲಿ ಸ್ನಾನ ಮಾಡುವಾಗ, ಕತ್ತಿ ನಂಬಿದವನ ಕೈಯಲ್ಲಿದ್ದಾಗ ಎಂದು ಜನರ ನೆನಪು ಹೇಳುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರುವಾಗಲೂ ಅವನ ಕೈ ಬರಿದು. ಅವನ ಧೈರ್ಯದ ಅತಿ ದೊಡ್ಡ ಗಳಿಗೆಯಲ್ಲಿ ಆಯುಧವೇ ಇರಲಿಲ್ಲ. ಆಯುಧವನ್ನೇ ನೆಚ್ಚಿದ ಪ್ರಯೋಗಕ್ಕೆ ಆ ಗಳಿಗೆ ದಕ್ಕುವುದಿಲ್ಲ. ನಂದಗಡದ ಜನಕ್ಕೆ ಮಾತ್ರ ಅದು ದಕ್ಕಿದೆ. ಸಮಾಧಿಯ ಮೇಲೆ ಬೆಳೆದದ್ದೆಂದು ನಂಬುವ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ಸಣ್ಣ ಮರದ ತೊಟ್ಟಿಲು ಕಟ್ಟುತ್ತಾರೆ. ಇತಿಹಾಸಕಾರನಿಗೆ ಇದು ಮೂಢನಂಬಿಕೆ ಎನಿಸಬಹುದು. ಗಲ್ಲಿಗೇರಿದವನಿಂದ ಹುಟ್ಟನ್ನು ಬೇಡುವ ಈ ಹರಕೆಯಲ್ಲಿ ವೀರಗಲ್ಲಿನ ಮೇಲಿನ ಅಂಕಣದ ತರ್ಕವೇ ಕೆಲಸ ಮಾಡುತ್ತಿದೆ ಎಂದು ನನಗೆ ಕಾಣುತ್ತದೆ.

ಇನ್ನೊಂದು ತುದಿಯಿಂದ, ಇದೆಲ್ಲ ಆಡುವುದೇ ಬೇಡ ಎನ್ನುವವರೂ ಇದ್ದಾರೆ. ಕಿತ್ತೂರು ಬಿದ್ದು ಸರಿಯಾಗಿ ನೂರು ವರ್ಷಕ್ಕೆ, 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಇದೇ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದರು. ಅಂಥ ಊರಲ್ಲಿ ಕತ್ತಿಯ ಮೆರವಣಿಗೆ ಯಾಕೆ ಎಂಬುದು ಹೀಗೆ ಬೇಡವೆನ್ನುವವರ ಪ್ರಶ್ನೆ. ಆದರೆ ಗಾಂಧೀಜಿ ದಿನವೂ ಓದಿದ್ದು ರಣರಂಗದಲ್ಲಿ ಹುಟ್ಟಿದ ಗೀತೆಯನ್ನು. ಕುರುಕ್ಷೇತ್ರವನ್ನು ಅವರು ಮನಸ್ಸಿನೊಳಗಿನ ಕಾಳಗವೆಂದು ಓದಿದರೇ ಹೊರತು ಅದನ್ನು ಪಠ್ಯದಿಂದ ಹರಿದೆಸೆಯಲಿಲ್ಲ. ನಿಷೇಧಿಸಿದ ನೆನಪು ಮುಚ್ಚಿದ ಬಾಗಿಲಿನ ಹಿಂದೆ ಇನ್ನಷ್ಟು ಹರಿತವಾಗುತ್ತದೆ, ರಸ್ತೆಯಲ್ಲಿ ಎಲ್ಲರೆದುರು ಆಡುವುದೇ ಲೇಸು.

ಉಳಿದದ್ದು ಎದುರಾಳಿಯ ವೇಷದ ಪ್ರಶ್ನೆ. ಯಾರಾದರೊಬ್ಬ ಅಫ್ಜಲಖಾನ ಆಗಲೇಬೇಕು, ಇನ್ನೊಬ್ಬ ಥ್ಯಾಕರೆ. ದೊಡ್ಡಾಟದಲ್ಲಿ ರಾಕ್ಷಸನ ಪ್ರವೇಶಕ್ಕೆ ನಾಯಕನದಷ್ಟೇ ಮೇಳ, ಅಷ್ಟೇ ಸಡಗರ. ಸಾಯುವ ಮೊದಲು ಅವನಿಗೂ ತನ್ನ ಮಾತು ಇರುತ್ತದೆ. ಚಿತ್ರರಥದಲ್ಲಿ ಖಾನನ ಪಾತ್ರಕ್ಕೆ ಪೇಟ ಗಡ್ಡ ಇರುತ್ತದೆ, ಮಾತು ಅಷ್ಟಕ್ಕಷ್ಟೆ. ಇಲ್ಲಿ ಶಿವಾಜಿಯ ನಡೆಯೇ ನಮಗೆ ದಾರಿ ತೋರುತ್ತದೆ. 1659ರ ನವೆಂಬರಿನಲ್ಲಿ ಪ್ರತಾಪಗಡದ ಬುಡದಲ್ಲಿ ಖಾನ ಸತ್ತ ಮೇಲೆ ಅವನ ದೇಹವನ್ನು ಅಲ್ಲೇ ಮರ್ಯಾದೆಯಿಂದ ಮಣ್ಣು ಮಾಡಲಾಯಿತು, ಗೋರಿ ಇಂದಿಗೂ ಅಲ್ಲಿದೆ. ಧಾರವಾಡದ ಬಳಿಯ ಯಾದವಾಡದಲ್ಲಿ ಬೆಳವಡಿಯ ರಾಣಿ ಮಲ್ಲಮ್ಮ ಕೆತ್ತಿಸಿದ್ದೆಂದು ಹೇಳುವ ಕಲ್ಲಿನಲ್ಲಿ ಅವಳ ಎದುರಾಳಿ ಶಿವಾಜಿಯೇ ಅವಳ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾನೆ. ಸೋತವಳು ಗೆದ್ದವನನ್ನು ಹೀಗೆ ನೆನೆದಳೆಂದು ಜನ ನಂಬಿದ್ದಾರೆ. ಗೆದ್ದವನು ಸೋತವನಿಗೆ ಗೋರಿ ಕೊಟ್ಟದ್ದಂತೂ ಇತಿಹಾಸ. ಶಿವಾಜಿಯನ್ನು ನಿಷ್ಠೆಯಿಂದ ಅನುಸರಿಸುತ್ತೇವೆ ಎನ್ನುವ ಮಂಡಳಗಳು ವಧೆಯ ದೃಶ್ಯದ ಹಿಂದೆಯೇ ದಫನ್ನಿನ ದೃಶ್ಯವನ್ನೂ ಕಟ್ಟಬಹುದು. ಆಗ ಶಿವಾಜಿಯ ಪಾತ್ರಧಾರಿ ಜಿರೇಟೋಪು, ಚಿಲಕತ್ತು ಯಾವುದನ್ನೂ ಬದಲಿಸಬೇಕಿಲ್ಲ, ವ್ಯಾಘ್ರನಖವನ್ನು ಬೆರಳಿನಿಂದ ಬಿಚ್ಚಿಟ್ಟು ಒಂದು ಹಿಡಿ ಮಣ್ಣು ಹಾಕಬೇಕು ಅಷ್ಟೆ. ಖಾನನ ಪಾತ್ರಧಾರಿಗೂ ತಾನು ಬಿದ್ದ ಮೇಲೆ ಆಟದಲ್ಲಿ ಇನ್ನೊಂದಿಷ್ಟು ಕೆಲಸ ಉಳಿಯುತ್ತದೆ.