ಅರ್ಥಕ್ಕಿಂತ ಮುಂಚೆ ಬರುವ ಹಾಡು: ತತ್ವಪದ, ಬ್ಯಾಂಡು ಮತ್ತು ಕಿರುತೆರೆಯ ಮಗು

ತತ್ವಪದವನ್ನು ಹಾಡುವವರು ಅದರ ತತ್ವವನ್ನು ಅರಿತಿರಲೇಬೇಕೆ ಎಂಬ ಪ್ರಶ್ನೆ ಭಜನೆಯ ಮನೆಗಳಷ್ಟೇ ಹಳೆಯದು. ಆದರೆ ಗಿಟಾರು, ಡ್ರಮ್ಮುಗಳ ಸ್ವತಂತ್ರ ಬ್ಯಾಂಡುಗಳು ಶಿಶುನಾಳ ಶರೀಫರ ಪದಗಳನ್ನು ಹೊಸ ಕೇಳುಗರ ಮುಂದಿಟ್ಟ ಮೇಲೆ, ಕಿರುತೆರೆಯ ಸಂಗೀತ ಸ್ಪರ್ಧೆಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಅವೇ ಪದಗಳನ್ನು ಕಂಠ ತುಂಬಿ ಹಾಡತೊಡಗಿದ ಮೇಲೆ, ಆ ಪ್ರಶ್ನೆಗೆ ಹೊಸ ತುರ್ತು ಬಂದಿದೆ. ದೇಹದ ನಶ್ವರತೆಯನ್ನು ಹೇಳುವ ಪದವನ್ನು ಹಾಲುಹಲ್ಲು ಬಿದ್ದಿರುವ ಬಾಯಿ ಹಾಡಿದಾಗ ಅಲ್ಲಿ ತತ್ವ ಉಳಿದಿರುತ್ತದೆಯೇ, ಇಲ್ಲವೇ ಧಾಟಿ ಮಾತ್ರ ಉಳಿದಿರುತ್ತದೆಯೇ ಎಂಬುದು ಸಂಗೀತದ ರುಚಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಶಬ್ದಕ್ಕೂ ಅರಿವಿಗೂ ಇರುವ ಸಂಬಂಧವೇನು ಎಂಬ ದಾರ್ಶನಿಕ ವಿಚಾರವೂ ಹೌದು.

ಈ ವಿಚಾರಕ್ಕೆ ಚಿಂತಾಮಣಿ ತಾಲ್ಲೂಕಿನ ಕೈವಾರ ಸಹಜವಾದ ನೆಲೆಯನ್ನು ಒದಗಿಸುತ್ತದೆ. ಕೈವಾರ ತಾತಯ್ಯ ಎಂದು ಜನ ಕರೆಯುವ ಯೋಗಿ ನಾರೇಯಣರು, ಅಂದರೆ ನಾರಣಪ್ಪನವರು, ಪರಂಪರೆಯ ಪ್ರಕಾರ 1726ರಲ್ಲಿ ಹುಟ್ಟಿ 1836ರಲ್ಲಿ ಜೀವಸಮಾಧಿ ಹೊಂದಿದವರು. ಬಳೆ ಮಾರುವ ಬಲಿಜ ಮನೆತನದಲ್ಲಿ ಬೆಳೆದು, ಮಲಾರವನ್ನು ಹೊತ್ತು ಊರೂರು ತಿರುಗಿ, ಬಳಿಕ ಯೋಗಿಯಾದ ಅವರು ತೆಲುಗು ಮತ್ತು ಕನ್ನಡಗಳೆರಡರಲ್ಲೂ ಪದಗಳನ್ನು ಕಟ್ಟಿದರು. ‘ಕಾಲಜ್ಞಾನ’ ಮತ್ತು ‘ಅಮರನಾರೇಯಣ ಶತಕ’ ಅವರ ಹೆಸರಾಂತ ಕೃತಿಗಳು. ತತ್ವಪದವೆಂದರೆ ಜೀವ, ದೇಹ, ಮಾಯೆ, ಗುರು, ಮುಕ್ತಿ ಇವುಗಳ ಬಗೆಗಿನ ಅರಿವನ್ನು ಆಡುಮಾತಿನಲ್ಲಿ, ಹಾಡಿನ ಧಾಟಿಯಲ್ಲಿ ಕಟ್ಟಿಕೊಡುವ ಪದ್ಯಪ್ರಕಾರ. ಅದರ ಕೊನೆಯ ನುಡಿಯಲ್ಲಿ ಪದಕಾರನ ಗುರುತಾಗಿ ಬರುವ ಹೆಸರನ್ನು ಅಂಕಿತ ಅಥವಾ ಮುದ್ರಿಕೆ ಎನ್ನುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಅನೇಕ ಮಕ್ಕಳ ಕಿವಿಗೆ ತಾತಯ್ಯನವರ ಪದಗಳು ಬೀಳುವುದು ಪಾಠವಾಗಿ ಅಲ್ಲ, ಭಜನೆಯಾಗಿ. ಗುರುಪೂರ್ಣಿಮೆಯ ಸಮಯದಲ್ಲಿ ಕೈವಾರದ ಮಠದಲ್ಲಿ ನಡೆಯುವ ಗುರುಪೂಜಾ ಸಂಗೀತೋತ್ಸವದಲ್ಲಿ ಹೆಸರಾಂತ ವಿದ್ವಾಂಸರ ಕಛೇರಿಗಳೂ ಹಳ್ಳಿಯ ಭಜನಾ ತಂಡಗಳ ಹಾಡುಗಾರಿಕೆಯೂ ಒಂದೇ ಸನ್ನಿಧಿಗೆ ಸಲ್ಲುತ್ತವೆ.

ನಾರಣಪ್ಪನವರ ಸಾಧನೆಯ ಕುರಿತು ಭಕ್ತರು ಹೇಳಿಕೊಂಡು ಬಂದಿರುವ ಒಂದು ಕಥನ ಇಲ್ಲಿ ಗಮನಿಸತಕ್ಕದ್ದು. ಪರದೇಶಿ ಸ್ವಾಮಿ ಎಂಬ ಗುರು ಅವರಿಗೆ ಅಷ್ಟಾಕ್ಷರಿಯನ್ನು, ಅಂದರೆ ನಾರಾಯಣನನ್ನು ಕುರಿತ ಎಂಟಕ್ಷರದ ಮಂತ್ರವನ್ನು ಉಪದೇಶಿಸಿ, ಒಂದು ಬೆಣಚುಕಲ್ಲನ್ನು ಕೊಟ್ಟು, ಅದನ್ನು ಬಾಯಲ್ಲಿಟ್ಟುಕೊಂಡು ಕಲ್ಲುಸಕ್ಕರೆಯಾಗುವವರೆಗೂ ಜಪಿಸಬೇಕೆಂದು ಅಪ್ಪಣೆ ಕೊಟ್ಟರಂತೆ. ಶಿಷ್ಯ ಊರಿನ ಬಳಿಯ ಬೆಟ್ಟದ ಗುಹೆಯಲ್ಲಿ ಕುಳಿತು ವರ್ಷಗಟ್ಟಲೆ ಜಪಿಸಿದ ಮೇಲೆ ಕಲ್ಲು ಕರಗಿ ಸಿಹಿಯಾಯಿತಂತೆ. ಕಥನವನ್ನು ಪವಾಡವೆಂದು ನಂಬಿದರೂ ರೂಪಕವೆಂದು ಓದಿದರೂ ಅದರೊಳಗಿನ ಜ್ಞಾನವಿಚಾರ ಒಂದೇ. ಮಂತ್ರ ಬಾಯಿಗೆ ಬಂದ ದಿನವೇ ಸಿಹಿಯಾಗಲಿಲ್ಲ. ಅದು ಮೊದಲು ಕಲ್ಲಾಗಿಯೇ ಬಂತು, ಕಲ್ಲಾಗಿಯೇ ಬಹುಕಾಲ ಬಾಯಲ್ಲಿ ಉಳಿಯಿತು. ಅಂದರೆ ಶಬ್ದ ಮೊದಲು, ಅರಿವು ಆಮೇಲೆ. ಇವೆರಡರ ನಡುವೆ ಇರುವುದು ಆವರ್ತನೆ, ಅಂದರೆ ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುವ ಕ್ರಿಯೆ.

ಈಗಿನ ಸನ್ನಿವೇಶವನ್ನು ಈ ಬೆಳಕಿನಲ್ಲಿ ನೋಡಬೇಕು. ಸ್ವತಂತ್ರ ಬ್ಯಾಂಡು ಎಂದರೆ ಚಲನಚಿತ್ರದ ಸನ್ನಿವೇಶಕ್ಕೂ ದೊಡ್ಡ ಧ್ವನಿಮುದ್ರಣ ಕಂಪನಿಗಳ ಬೇಡಿಕೆಗೂ ಕಟ್ಟುಬೀಳದೆ, ತಮ್ಮ ಹಾಡನ್ನು ತಾವೇ ಆರಿಸಿ, ತಾವೇ ರೂಪಿಸಿ ನುಡಿಸುವ ತಂಡ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಗುಡುಗುಡಿಯನ್ನೂ ಸೋರುವ ಮಾಳಿಗೆಯನ್ನೂ ಕುರಿತ ಶರೀಫರ ಎರಡು ಪದಗಳಿದ್ದವು. ಅವರ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. ಇತ್ತ ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಮತ್ತು ಜೀ ಕನ್ನಡದ ‘ಸರಿಗಮಪ ಲಿಟಲ್ ಚಾಂಪ್ಸ್’ನಂಥ ಕಾರ್ಯಕ್ರಮಗಳು ಮಕ್ಕಳ ಹಾಡುಗಾರಿಕೆಯನ್ನು ಮನೆಮನೆಯ ಪಡಸಾಲೆಗೆ ತಂದವು. 2021ರಲ್ಲಿ ‘ಎದೆ ತುಂಬಿ ಹಾಡುವೆನು’ ಕಲರ್ಸ್ ಕನ್ನಡದಲ್ಲಿ ಮರಳಿ ಬಂದಾಗ ರಘು ದೀಕ್ಷಿತ್ ಅವರೇ ತೀರ್ಪುಗಾರರ ಸಾಲಿನಲ್ಲಿದ್ದದ್ದು, ಬ್ಯಾಂಡಿನ ಲೋಕವೂ ಕಿರುತೆರೆಯ ಲೋಕವೂ ಎಷ್ಟು ಹತ್ತಿರವಾಗಿವೆ ಎಂಬುದಕ್ಕೆ ಸಾಕ್ಷಿ.

ಬೇರೆಡೆಯೂ ಇಂಥ ಪ್ರಯೋಗ ನಡೆದಿದೆ. ಕ್ರಿಶ್ಚಿಯನ್ ಜೇಕಬ್ಸ್ ಮತ್ತು ಸ್ಕಾಟ್ ಶುಲ್ಟ್ಸ್ ರೂಪಿಸಿ, 2007ರಲ್ಲಿ ಅಮೆರಿಕದ ಕಿರುತೆರೆಯಲ್ಲಿ ಆರಂಭವಾದ ‘ಯೋ ಗಬ್ಬಾ ಗಬ್ಬಾ!’ ಎಂಬ ಪುಟ್ಟ ಮಕ್ಕಳ ಕಾರ್ಯಕ್ರಮದಲ್ಲಿ ದಿ ಶಿನ್ಸ್‌ನಂಥ, ದೊಡ್ಡವರು ಕೇಳುವ ಬ್ಯಾಂಡುಗಳೇ ಬಂದು ಮಕ್ಕಳಿಗಾಗಿ ಹಾಡಿದವು. ಮಕ್ಕಳಿಗೆಂದು ಸಂಗೀತವನ್ನು ತೆಳುಗೊಳಿಸಬೇಕಾಗಿಲ್ಲ, ಒಳ್ಳೆಯ ನಾದವನ್ನು ಕೊಟ್ಟರೆ ಅವರ ಕಿವಿ ಅದನ್ನು ತನ್ನ ಪಾಡಿಗೆ ತಾನು ಹಿಡಿದುಕೊಳ್ಳುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಆದರೆ ಅಲ್ಲಿ ಹಾಡಿನ ವಸ್ತು ಮಗುವಿನ ಲೋಕದ್ದು: ಗೆಳೆತನ, ಊಟ, ಆಟ. ತತ್ವಪದದ ವಸ್ತು ಮಗುವಿನ ಅನುಭವಕ್ಕೆ ಇನ್ನೂ ಬಾರದ್ದು. ಆದ್ದರಿಂದ ಕನ್ನಡದ ಪ್ರಶ್ನೆ ಇನ್ನಷ್ಟು ಕಠಿಣವಾದದ್ದು.

ಆಕ್ಷೇಪವನ್ನು ಅದರ ಪೂರ್ಣ ಬಲದೊಡನೆ ಮೊದಲು ಕೇಳಬೇಕು. ವೇದಾಂತವು ಅರಿವನ್ನು ಯಾರಿಗೆಂದರೆ ಅವರಿಗೆ ಹಂಚುವ ವಸ್ತುವೆಂದು ಬಗೆಯುವುದಿಲ್ಲ. ಅಧಿಕಾರಿ, ಅಂದರೆ ಸಿದ್ಧತೆ ಉಳ್ಳವನು, ಬೇಕೆನ್ನುತ್ತದೆ. ಶಂಕರರು ಬ್ರಹ್ಮಜಿಜ್ಞಾಸೆಗೆ ಮುನ್ನ ಇರಬೇಕೆಂದು ಹೇಳುವ ನಾಲ್ಕು ಸಾಧನಗಳೆಂದರೆ ನಿತ್ಯ ಯಾವುದು ಅನಿತ್ಯ ಯಾವುದು ಎಂಬ ವಿವೇಕ, ಇಹಪರಗಳ ಭೋಗದಲ್ಲಿ ವಿರಕ್ತಿ, ಶಮ ದಮ ಮೊದಲಾದ ಮನಸ್ಸಿನ ಸಂಪತ್ತು ಮತ್ತು ಬಿಡುಗಡೆಯ ಹಂಬಲ. ಇವುಗಳಲ್ಲಿ ಒಂದೂ ಬಾಲ್ಯದ ಲಕ್ಷಣವಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ತಕ್ಕ ಕಾಲದಲ್ಲಿ ಸಲ್ಲಬೇಕಾದದ್ದನ್ನು ದೀಪಗಳ ಝಗಮಗದಲ್ಲಿ ಅಂಕಗಳಿಗಾಗಿ ಹಾಡಿಸುವುದು ಪದಕ್ಕೂ ಮಗುವಿಗೂ ಮಾಡುವ ಅನ್ಯಾಯವೆಂದು ಯಾರಾದರೂ ಹೇಳಿದರೆ ಆ ಮಾತನ್ನು ಸಂಪ್ರದಾಯದ ಬಿಗುಮಾನವೆಂದು ತಳ್ಳಿಹಾಕುವಂತಿಲ್ಲ.

ಆದರೂ ಅರ್ಥ ತಿಳಿಯದ ಉಚ್ಚಾರಣೆ ವ್ಯರ್ಥವೇ ಎಂಬುದು ಭಾರತೀಯ ಚಿಂತನೆಯಲ್ಲಿ ಇತ್ಯರ್ಥವಾಗದೆ ಉಳಿದುಬಂದ ವಾದ. ಯಾಸ್ಕನ ‘ನಿರುಕ್ತ’ದಲ್ಲಿ ಬರುವ ಕೌತ್ಸನೆಂಬ ಆಚಾರ್ಯ, ಮಂತ್ರಗಳಿಗೆ ಅರ್ಥವೇ ಇಲ್ಲ, ಅವುಗಳ ಸಾರವಿರುವುದು ಪದಗಳ ನಿಯತವಾದ ಜೋಡಣೆಯಲ್ಲಿ ಮತ್ತು ಉಚ್ಚಾರಣೆಯಲ್ಲಿ ಎಂದು ವಾದಿಸುತ್ತಾನೆ, ಲೋಕದ ಮಾತಿನಲ್ಲಿರುವ ಶಬ್ದಗಳೇ ಮಂತ್ರದಲ್ಲೂ ಇರುವುದರಿಂದ ಅವಕ್ಕೆ ಅರ್ಥವಿದ್ದೇ ಇದೆ, ಕಾಣದಿದ್ದರೆ ಅದು ನೋಡುವವನ ಕೊರತೆ ಎಂದು ಯಾಸ್ಕ ಉತ್ತರಿಸುತ್ತಾನೆ. ಜೈಮಿನಿಯ ಮೀಮಾಂಸಾಸೂತ್ರಗಳೂ, ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಬರೆದ ಸಾಯಣನ ಋಗ್ವೇದಭಾಷ್ಯದ ಪೀಠಿಕೆಯೂ ಇದೇ ವಾದವನ್ನು ಎತ್ತಿಕೊಳ್ಳುತ್ತವೆ. ಅರ್ಥವಾದಿಗಳು ಗೆದ್ದರೆಂದು ಗ್ರಂಥಗಳು ಹೇಳುತ್ತವೆ. ಆದರೆ ವೇದಪಾಠಶಾಲೆಗಳಲ್ಲಿ ಇಂದಿಗೂ ಹುಡುಗರು ಮೊದಲು ಕಲಿಯುವುದು ಸ್ವರವನ್ನು, ಭಾಷ್ಯ ಬರುವುದು ವರ್ಷಗಳ ಬಳಿಕ. ಸಿದ್ಧಾಂತವು ಅರ್ಥಕ್ಕೆ ಪಟ್ಟ ಕಟ್ಟಿದರೂ ಆಚರಣೆಯು ಶಬ್ದಕ್ಕೆ ಮೊದಲ ಮಣೆ ಹಾಕಿತು.

ಭಕ್ತಿಪಂಥಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಭಾಗವತದ ಆರನೆಯ ಸ್ಕಂಧದ ಅಜಾಮಿಳ ಸಾಯುವ ಗಳಿಗೆಯಲ್ಲಿ ‘ನಾರಾಯಣ’ ಎಂದು ಕೂಗಿದ್ದು ದೇವರನ್ನಲ್ಲ, ಆ ಹೆಸರಿನ ತನ್ನ ಕಿರಿಯ ಮಗನನ್ನು. ಆದರೂ ಆ ಹೆಸರು ಅವನನ್ನು ಕಾಯಿತು. ಏಳನೆಯ ಸ್ಕಂಧದ ಪ್ರಹ್ಲಾದನ ಕಥೆ ಪ್ರಸ್ತುತ ಪ್ರಶ್ನೆಗೆ ಮತ್ತಷ್ಟು ಹತ್ತಿರದ್ದು. ತಾಯಿಯ ಗರ್ಭದಲ್ಲಿದ್ದಾಗಲೇ ಅವನು ನಾರದರ ಉಪದೇಶವನ್ನು ಕೇಳಿದ; ತಾಯಿಗೆ ಅದು ಕಾಲಕ್ರಮದಲ್ಲಿ ಮರೆತುಹೋಯಿತು, ಕೂಸಿಗೆ ಉಳಿಯಿತು. ಅದೇ ಬಾಲಕ ಮುಂದೆ ತನ್ನ ಸಹಪಾಠಿಗಳಾದ ಅಸುರರ ಮಕ್ಕಳಿಗೆ, ಆಡುವ ವಯಸ್ಸಿನಲ್ಲೇ ಭಾಗವತಧರ್ಮವನ್ನು ಆಚರಿಸಬೇಕೆಂದು ಬೋಧಿಸುತ್ತಾನೆ. ಅರಿವಿನ ಅರ್ಹತೆ ವಯಸ್ಸಿನಿಂದ ಬರುವುದಿಲ್ಲ ಎಂಬುದಕ್ಕೆ ಪುರಾಣಲೋಕ ಕೊಡುವ ಬಲವಾದ ನಿದರ್ಶನ ಇದು.

ಹಾಗಾದರೆ ಮಗು ಹಾಡಿದ್ದೆಲ್ಲ ಸಾರ್ಥಕವೆಂದು ಒಪ್ಪಿ ಸುಮ್ಮನಾಗಬಹುದೇ? ಒಂದು ಪದವನ್ನು ಹತ್ತಿರದಿಂದ ನೋಡಿದರೆ ತೊಡಕು ಎಲ್ಲಿದೆಯೆಂದು ಗೊತ್ತಾಗುತ್ತದೆ. ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಬೆಡಗಿನ ಪದ. ಬೆಡಗು ಎಂದರೆ ಅಲ್ಲಮನ ವಚನಗಳಿಂದಲೂ ಹರಿದುಬಂದ, ಮೇಲ್ನೋಟಕ್ಕೆ ಅಸಂಗತವಾಗಿ ಕಂಡು ಒಳಗೆ ಅನುಭಾವವನ್ನು ಹುದುಗಿಸಿಡುವ ಹೇಳಿಕೆಯ ಬಗೆ. ಕೋಳಿಯ ಹೊಟ್ಟೆಗೆ ಮಂಗ, ಆಡಿನ ಹೊಟ್ಟೆಗೆ ಆನೆ, ಗೋಡೆಯ ಹೊಟ್ಟೆಗೆ ಅದಕ್ಕೇ ಬಳಿದ ಸುಣ್ಣ, ಒರಳಿನ ಹೊಟ್ಟೆಗೆ ಒನಕೆ ಹೋಗುವ ಈ ಲೋಕವನ್ನು ಕೇಳಿ ಮಗು ನಗುತ್ತದೆ, ಆ ನಗೆ ತಪ್ಪು ತಿಳಿವಳಿಕೆಯಲ್ಲ. ದೊಡ್ಡದು ಚಿಕ್ಕದನ್ನು ನುಂಗುವುದೇ ಸಹಜವೆಂಬ ಲೆಕ್ಕ ಬುಡಮೇಲಾದುದನ್ನು ಗುರುತಿಸಿದವರು ಮಾತ್ರ ಹಾಗೆ ನಗಬಲ್ಲರು. ಅಷ್ಟರ ಮಟ್ಟಿಗೆ ಮಗು ಪದದ ಬಾಗಿಲಲ್ಲೇ ನಿಂತಿದೆ. ಆದರೆ ಪದದ ತಿರುವು ಇರುವುದು ಕೊನೆಯ ನುಡಿಯಲ್ಲಿ: ಅಲ್ಲಿ ಗುರು ಗೋವಿಂದನ ಪಾದವು ಹಾಡುವವನನ್ನೇ ನುಂಗಿಬಿಡುತ್ತದೆ. ಅಲ್ಲಿಯವರೆಗೆ ನುಂಗಿದ್ದೂ ನುಂಗಿಸಿಕೊಂಡದ್ದೂ ಹೊರಗಿನ ವಸ್ತುಗಳು. ಈಗ ನೋಡುತ್ತಿದ್ದವನೇ ಇಲ್ಲವಾಗುತ್ತಾನೆ. ‘ನಾನು’ ಎಂಬುದು ಗುರುವಿನಲ್ಲಿ ಕರಗುವ ಈ ನುಡಿ ಇದ್ದರೆ ಅದು ತತ್ವಪದ, ಇಲ್ಲದಿದ್ದರೆ ಸೊಗಸಾದ ಒಗಟು.

ಕಿರುತೆರೆಯಲ್ಲಿ ಪದವನ್ನು ಎರಡು ಮೂರು ನಿಮಿಷಕ್ಕೆ ಹೊಂದಿಸುವಾಗ ಮೊದಲು ಕತ್ತರಿಗೆ ಸಿಗುವುದು ಈ ಕೊನೆಯ ನುಡಿಯೇ, ಏಕೆಂದರೆ ಕೇಳುಗರನ್ನು ಹಿಡಿಯುವುದು ಪಲ್ಲವಿ. ಅಂಕಿತ ಹೋದರೆ ಹೆಸರೊಂದು ಹೋದಂತೆ ಮಾತ್ರವಲ್ಲ. ನಾರಣಪ್ಪನವರ ಪದಗಳ ಅಂಕಿತವಾದ ‘ಅಮರನಾರೇಯಣ’ವು ಕೈವಾರದ ದೇವರಾದ ಅಮರನಾರಾಯಣಸ್ವಾಮಿಯ ಹೆಸರನ್ನೇ ಹೊತ್ತಿದೆ, ಪದ ಕಟ್ಟಿದವನು ತನ್ನ ಸಹಿ ಹಾಕಬೇಕಾದ ಜಾಗದಲ್ಲಿ ದೇವರ ಹೆಸರನ್ನು ಇಟ್ಟು ತಾನು ಸರಿದುನಿಂತಿದ್ದಾನೆ. ಭಜನೆಯ ರೂಪವೂ ಇದಕ್ಕೆ ತಕ್ಕುದಾಗಿದೆ. ಮುಂದಿನವರು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಸೊಲ್ಲನ್ನು ತಿರುಗಿ ಹೇಳುತ್ತಾರೆ. ತಾಳ ಹಿಡಿದು ಅಂಚಿನಲ್ಲಿ ಕುಳಿತ ಹುಡುಗ ಅರ್ಥವಾಗದ ಪದವನ್ನು ಹಿರಿಯರ ದನಿಯೊಳಗೆ ದನಿಯಾಗಿ ಹಾಡುತ್ತಾನೆ, ಅವನಿಗೆ ಯಾರೂ ಅಂಕ ಕೊಡುವುದಿಲ್ಲ, ಅವನನ್ನು ಯಾರೂ ಹೊರಗೆ ಕಳಿಸುವುದಿಲ್ಲ, ಬರುವ ಶನಿವಾರವೂ ಅದೇ ಪದ ಅವನಿಗಾಗಿ ಕಾದಿರುತ್ತದೆ. ಸ್ಪರ್ಧೆಯಲ್ಲಿ ಇದು ತಿರುಗುಮುರುಗಾಗುತ್ತದೆ: ‘ನಾನು’ ಇಲ್ಲವಾಗುವ ಪದವನ್ನು ಹಾಡಿದ ಮಗುವಿನ ಹೆಸರೇ ಪರದೆಯ ಮೇಲೆ ದೊಡ್ಡದಾಗಿ ಮೂಡುತ್ತದೆ, ಮುಂದಿನ ವಾರ ಆ ಮಗು ಬೇರೆ ಹಾಡಿಗೆ ಹೋಗಬೇಕಾಗುತ್ತದೆ.

ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಹೇಳುವ ಶ್ರವಣ, ಮನನ, ನಿದಿಧ್ಯಾಸನಗಳ ಕ್ರಮ ಇಲ್ಲಿ ಅಳತೆಗೋಲಾಗಬಲ್ಲದು: ಶ್ರವಣವೆಂದರೆ ಕೇಳುವುದು, ಮನನವೆಂದರೆ ಕೇಳಿದ್ದನ್ನು ಮನಸ್ಸಿನಲ್ಲಿ ತಿರುವಿ ನೋಡುವುದು, ನಿದಿಧ್ಯಾಸನವೆಂದರೆ ಅದರಲ್ಲೇ ನೆಲೆಗೊಳ್ಳುವುದು. ಮಗು ಹಾಡುವುದು ಶ್ರವಣದ ಒಂದು ಬಗೆ, ತನ್ನ ಬಾಯಿಂದ ತನ್ನ ಕಿವಿಗೇ ಹಾಡು ತಲುಪುವ ಬಗೆ. ಆದ್ದರಿಂದ ಅರ್ಥ ತಿಳಿಯದ ಮಗು ತತ್ವಪದವನ್ನು ಹಾಡಬಾರದೆಂಬ ವಾದ ನಿಲ್ಲುವುದಿಲ್ಲ. ಶಂಕರರು ಹೇಳಿದ ಸಿದ್ಧತೆ ವಿಚಾರಕ್ಕೆ ಬೇಕಾದದ್ದು, ಕೇಳುವುದರಿಂದಲೇ ಆ ಸಿದ್ಧತೆಯೂ ಮೊಳೆಯಬೇಕು. ದೋಷವಿರುವುದು ಶ್ರವಣವಾದ ಕೂಡಲೇ ತೀರ್ಪು ಕೊಟ್ಟು, ಮನನಕ್ಕೆ ಬಿಡುವೇ ಇಲ್ಲದಂತೆ ಪದವನ್ನು ಮುಗಿಸಿಬಿಡುವ ಏರ್ಪಾಟಿನಲ್ಲಿ. ಕಲ್ಲು ಸಿಹಿಯಾಗುವ ಮೊದಲೇ ಉಗುಳಿಸುವವರು ಕಲ್ಲು ಸಿಹಿಯಿಲ್ಲವೆಂದು ದೂರುವಂತಿಲ್ಲ.

ಈ ದೃಷ್ಟಿಯಿಂದ ಬ್ಯಾಂಡುಗಳ ಕೆಲಸಕ್ಕೆ ನ್ಯಾಯವಾದ ಬೆಲೆ ಕಟ್ಟಬಹುದು. ಗಿಟಾರಿನಿಂದ ತತ್ವ ಕೆಡುತ್ತದೆಂಬ ಆತಂಕಕ್ಕೆ ಆಧಾರವಿಲ್ಲ. ಏಕತಾರಿಯೂ ಹಾರ್ಮೋನಿಯಮ್ಮೂ ಪದದೊಡನೆ ಹುಟ್ಟಿಬಂದವಲ್ಲ, ಸಿ. ಅಶ್ವಥ್ ಅವರು ಶರೀಫರ ಪದಗಳಿಗೆ ಕೊಟ್ಟ ಧಾಟಿಗಳೂ ಒಂದು ಕಾಲಕ್ಕೆ ಹೊಸವೇ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಬಳಿಕ ಅವು ಜನರಿಗೆ ಅನಾದಿಯೆನಿಸುವಷ್ಟು ಒಗ್ಗಿಹೋದವು. ಬ್ಯಾಂಡಿನ ಹಾಡನ್ನು ಮಗು ಮೊಬೈಲಿನಲ್ಲಿ ನೂರಾರು ಸಲ ಕೇಳುತ್ತದೆ, ಮೆಟ್ಟಿಲು ಹತ್ತುತ್ತ ಗುನುಗುತ್ತದೆ. ಸ್ಪರ್ಧೆ ಕೊಡಲಾರದ ಆವರ್ತನೆ ಇಲ್ಲಿ ತಾನಾಗಿಯೇ ಒದಗುತ್ತದೆ. ಆದರೆ ಆ ಗುನುಗಿನ ಸುತ್ತ ಹಿರಿಯರ ಸಂಗವಿಲ್ಲ, ಇದು ಯಾರ ಪದ, ಇವರ ಗುರು ಯಾರು ಎಂದು ಕೇಳಿದರೆ ಹೇಳುವವರಿಲ್ಲ. ಭಜನೆಯಲ್ಲಿದ್ದ ಆವರ್ತನೆ ಮತ್ತು ಸಂಗಗಳಲ್ಲಿ ಬ್ಯಾಂಡು ಒಂದನ್ನು ಉಳಿಸಿಕೊಟ್ಟಿದೆ, ಇನ್ನೊಂದನ್ನು ಮನೆಯವರು ಮತ್ತು ಶಿಕ್ಷಕರು ಕೂಡಿಸಬೇಕಾಗಿದೆ.

ಇದರಿಂದ ಕೆಲವು ಕರ್ತವ್ಯಗಳು ಖಚಿತವಾಗಿ ಹೊರಡುತ್ತವೆ. ತತ್ವಪದವನ್ನು ಕಿರುತೆರೆಯಲ್ಲಿ ಹಾಡಿಸುವವರು ಅಂಕಿತದ ನುಡಿಯನ್ನು ಬಿಡದೆ ಹಾಡಿಸಬೇಕು, ನಿಮಿಷ ಸಾಲದಿದ್ದರೆ ನಡುವಿನದನ್ನು ಬಿಡಲಿ; ಪದಕಾರನ ಮತ್ತು ಅವನ ಗುರುವಿನ ಹೆಸರನ್ನು ಮಗುವಿನ ಬಾಯಿಂದಲೇ ಹೇಳಿಸಬೇಕು. ಇಂಥ ಪದಗಳಿಗಾದರೂ ಅಂಕಗಳನ್ನು ಕೈಬಿಟ್ಟು, ಮಕ್ಕಳೂ ಹಿರಿಯರೂ ಬ್ಯಾಂಡಿನವರೂ ಒಟ್ಟಿಗೆ ಸೊಲ್ಲು ಹೇಳುವ ಸುತ್ತನ್ನು ಏರ್ಪಡಿಸಬೇಕು. ಪದದ ಅರ್ಥವೇನೆಂದು ಮಗುವನ್ನು ವೇದಿಕೆಯಲ್ಲಿ ನಿಲ್ಲಿಸಿ ಪರೀಕ್ಷಿಸಬಾರದು, ಅರ್ಥವನ್ನು ಅವಸರದಲ್ಲಿ ಅದರ ತಲೆಗೆ ತುಂಬಲೂಬಾರದು. ಏಕೆಂದರೆ ಸೋರುವ ಮಾಳಿಗೆಯ ಅರ್ಥ ತಿಳಿಯುವುದು ಬದುಕಿನಲ್ಲಿ ಮಳೆ ಸುರಿದ ಮೇಲೆ. ಆ ಹೊತ್ತಿಗೆ ಪದ ನಾಲಿಗೆಯ ಮೇಲೆ ಸಿದ್ಧವಾಗಿರಬೇಕಾದರೆ ಅದನ್ನು ಬಾಲ್ಯದಲ್ಲೇ ಇಟ್ಟಿರಬೇಕು. ಮಗು ತತ್ವಪದವನ್ನು ಹಾಡಬಹುದೆಂಬುದಷ್ಟೇ ಅಲ್ಲ, ಹಾಡಲೇಬೇಕೆಂಬುದು ಈ ವಿಚಾರದ ನಿರ್ಣಯ. ಹಾಡಿದ ಪದ ಅದರ ಬಾಯಲ್ಲಿ ವರ್ಷಗಟ್ಟಲೆ ಉಳಿಯುವಂತೆ ನೋಡಿಕೊಳ್ಳುವ ಹೊಣೆ ದೊಡ್ಡವರದು.