ಪೌಲ ಹಕ್ಕು ಕೇಳಿದ್ದು ಯಾರಿಗಾಗಿ?

ಬೈಬಲ್ ತಂದವರು ತೆಗೆಯಿರಿ, ಮೊಬೈಲಲ್ಲಿ ನೋಡುವವರು ನೋಟಿಫಿಕೇಶನ್ ಆಫ್ ಮಾಡಿ ತೆಗೆಯಿರಿ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ, 35ರಿಂದ 40ನೇ ವಚನ.

ಈ ಅಧ್ಯಾಯ ಅಂದ ತಕ್ಷಣ ನಮಗೆ ನೆನಪಾಗೋದು ಮಧ್ಯರಾತ್ರಿ. ಪೌಲ ಸೀಲರು ಹಾಡಿದರು, ಭೂಕಂಪವಾಯಿತು, ಬಾಗಿಲು ತೆರೆಯಿತು, ಬೇಡಿ ಕಳಚಿತು. ಹಲ್ಲೆಲೂಯಾ! ಇದರ ಮೇಲೆ ನಾನೇ ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಆದರೆ ಪ್ರಿಯರೇ, ಬೆಳಗ್ಗೆ ಏನಾಯ್ತು ಅಂತ ನಾವು ಓದೋದು ಕಡಿಮೆ. ಇವತ್ತು ಆ ಬೆಳಗಿನ ಬಗ್ಗೆ ಮಾತಾಡೋಣ.

ಮೊದಲು ಅವರನ್ನು ಯಾಕೆ ಹಿಡಿದರು ನೋಡಿ. ಒಬ್ಬ ದಾಸಿಯನ್ನು ಪೌಲ ಬಿಡಿಸಿದ. ಅವಳಿಂದ ಹಣ ಮಾಡುತ್ತಿದ್ದ ಯಜಮಾನರಿಗೆ ನಷ್ಟವಾಯಿತು. ಆದರೆ ಅಧಿಕಾರಿಗಳ ಮುಂದೆ ಅವರು 'ನಮ್ಮ ಆದಾಯ ಹೋಯ್ತು' ಅನ್ನಲಿಲ್ಲ. ಇವರು ಯೆಹೂದ್ಯರು, ನಾವು ರೋಮಾಯರು, ಇವರಿಂದ ಊರು ಕೆಡುತ್ತಿದೆ ಅಂತ ದೂರು ಕೊಟ್ಟರು. ವಿಷಯ ದುಡ್ಡಿನದು, ಎತ್ತಿದ್ದು ಗುರುತಿನ ಮಾತು. 'ಇವರು' ಮತ್ತು 'ನಾವು'. ಜನ ಸೇರಿದರು, ವಿಚಾರಣೆ ಇಲ್ಲ, ಬಟ್ಟೆ ಹರಿದು ಹೊಡೆದರು. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಬೆಳಗಾಯಿತು. ಅಧಿಕಾರಿಗಳು ಆಳುಗಳ ಕೈಲಿ 'ಅವರನ್ನು ಬಿಟ್ಟುಬಿಡಿ' ಅಂತ ಹೇಳಿ ಕಳಿಸಿದರು. ನಾನಾಗಿದ್ದರೆ ಸ್ತೋತ್ರ ಹೇಳಿ ಬ್ಯಾಗ್ ಎತ್ಕೊಂಡು ಓಡ್ತಿದ್ದೆ. ಪೌಲ ಹೋಗಲಿಲ್ಲ! ನಾವು ರೋಮನ್ ಪ್ರಜೆಗಳು, ವಿಚಾರಣೆ ಇಲ್ಲದೆ ಎಲ್ಲರ ಮುಂದೆ ಹೊಡೆದಿರಿ, ಈಗ ಗುಟ್ಟಾಗಿ ಕಳಿಸ್ತೀರಾ, ನೀವೇ ಬಂದು ಹೊರಗೆ ಕರಕೊಂಡು ಹೋಗಿ ಅಂದ. ಅಧಿಕಾರಿಗಳು ಹೆದರಿದರು. ಬಂದರು, ಬೇಡಿಕೊಂಡರು.

ಪೆಟ್ಟು ಬಿದ್ದಾಗಿತ್ತು. ಬೆನ್ನಿನ ಗಾಯ ವಾಪಸ್ ಹೋಗಲ್ಲ. ಹಾಗಾದರೆ ಈಗ ಯಾಕೆ ಹಕ್ಕಿನ ಮಾತು? ಅಹಂಕಾರವಾ? 40ನೇ ವಚನ ನೋಡಿ, ಅವರು ಸೆರೆಮನೆಯಿಂದ ನೇರ ಲುದ್ಯಳ ಮನೆಗೆ ಹೋದರು. ಅಲ್ಲಿ ಹೊಸ ಸಭೆ ಇತ್ತು. ಪೌಲ ಆ ಊರು ಬಿಟ್ಟು ಹೋಗ್ತಾನೆ, ಇವರು ಅಲ್ಲೇ ಬಾಳಬೇಕು. ಪೌಲ ತಲೆ ತಗ್ಗಿಸಿ ಗುಟ್ಟಾಗಿ ಹೋಗಿದ್ದರೆ ನಾಳೆ ಊರಿನವರು ಈ ಮನೆಯನ್ನು 'ಅಪರಾಧಿಗಳ ಗುಂಪು' ಅನ್ನುತ್ತಿದ್ದರು. ನನಗೆ ಕರ್ತನು ತಿಳಿಸಿದ್ದು ಇದು: ಪೌಲ ತನ್ನ ಹಕ್ಕನ್ನು ಹಿಂದೆ ಉಳಿಯುವವರಿಗೆ ನೆರಳಾಗಿ ಹರಡಿದ. ಆಮೆನ್ ಹೇಳ್ತೀರಾ?

ತನಗಾಗಿ ಹಕ್ಕು ಬಳಸೋದು ಪಾಪ ಅಂತ ನಾನು ಹೇಳ್ತಿಲ್ಲ. 22ನೇ ಅಧ್ಯಾಯದಲ್ಲಿ ಕೊರಡೆ ಪೆಟ್ಟು ತಪ್ಪಿಸಿಕೊಳ್ಳಲು ಪೌಲ ಅದನ್ನೇ ಬಳಸಿದ. 25ರಲ್ಲಿ ಕೈಸರನಿಗೇ ಅಪೀಲು ಹೋದ. ಆದರೆ ನಮ್ಮಲ್ಲಿ ತುಂಬ ಜನ ತನಗಾಗಿ ಅನ್ನುವಲ್ಲೇ ನಿಂತುಬಿಡ್ತೀವಿ. ನಾನು ನಿಂತಿದ್ದೆ. ಇದು ನನ್ನ ಸಾಕ್ಷಿ ಅಲ್ಲ, ನನ್ನ ಅರಿಕೆ.

ನಮಗೆ ಮದುವೆಯಾದ ಹೊಸದರಲ್ಲಿ ಬೆಂಗಳೂರಲ್ಲಿ ಮನೆ ಹುಡುಕುವಾಗ ಒಬ್ಬರು ಅಡ್ವಾನ್ಸ್ ತನಕ ಮಾತಾಡಿ, ನನ್ನ ಹೆಸರು ಕೇಳಿದ ಮೇಲೆ 'ಪ್ರಾರ್ಥನೆ, ಗದ್ದಲ ಎಲ್ಲ ನಮಗೆ ಆಗಿಬರಲ್ಲ' ಅಂದರು. ನನ್ನ ಹೆಂಡತಿ ಆಟೋದಲ್ಲಿ ಅತ್ತಳು. ಆ ನೋವು ನನಗೆ ಗೊತ್ತು. ವರ್ಷಗಳಾದ ಮೇಲೆ ನಾವಿರುವ ಅಪಾರ್ಟ್‌ಮೆಂಟಿನ ಮೀಟಿಂಗಲ್ಲಿ, ಒಂದು ಮುಸ್ಲಿಂ ದಂಪತಿಗೆ ಮನೆ ಕೊಡಬಾರದು ಅಂತ ಮಾತು ಬಂತು. ಒಬ್ಬರು ನನ್ನ ಕಡೆ ತಿರುಗಿ, 'ಪಾಸ್ಟರ್, ನಿಮ್ಮನ್ನ ಹೇಳ್ತಿಲ್ಲ, ನೀವು ನಮ್ಮವರು' ಅಂದರು. ನಾನು ಏನು ಮಾಡಿದೆ ಗೊತ್ತಾ? ನಕ್ಕೆ. ಸುಮ್ಮನೆ ಕೂತೆ.

ಆ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೆ ಬಾಯಿ ಬರಲಿಲ್ಲ. ಯಾಜಕಕಾಂಡ 19:34 ಎದೆಗೆ ಬಂತು. ನಿಮ್ಮ ನಡುವಿನ ಅನ್ಯನನ್ನು ನಿಮ್ಮಂತೆಯೇ ಪ್ರೀತಿಸಿ, ನೀವೂ ಐಗುಪ್ತದಲ್ಲಿ ಅನ್ಯರಾಗಿದ್ದಿರಲ್ಲ ಅಂತ ದೇವರು ಹೇಳಿದ ಮಾತು. ನನ್ನ ಐಗುಪ್ತವನ್ನು ನಾನು ಎಷ್ಟು ಬೇಗ ಮರೆತಿದ್ದೆ! ಆ ಹುಡುಗನ ನಂಬರ್ ಹುಡುಕಿ ಫೋನ್ ಮಾಡಿ ಕ್ಷಮೆ ಕೇಳಿದೆ. ಅಷ್ಟರಲ್ಲಿ ಅವನಿಗೆ ಬೇರೆ ಕಡೆ ಮನೆ ಸಿಕ್ಕಿತ್ತು. 'ಪರವಾಗಿಲ್ಲ ಸರ್, ನಮಗೆ ಅಭ್ಯಾಸ ಆಗಿದೆ' ಅಂದ. ಅವನು ಬೈದಿದ್ದರೆ ನನಗೆ ಹಗುರ ಆಗ್ತಿತ್ತು.

ಮುಂದಿನ ಮೀಟಿಂಗಲ್ಲಿ ಎದ್ದು ನಿಂತು 'ಅವತ್ತು ನಾನು ತಪ್ಪು ಮಾಡಿದೆ' ಅಂದೆ. ದೊಡ್ಡ ಬದಲಾವಣೆ ಏನೂ ಆಗಲಿಲ್ಲ. ಇಬ್ಬರು ನನ್ನ ಜೊತೆ ಕೈ ಎತ್ತಿದರು. ಕೆಲವರು ಈಗ ಲಿಫ್ಟಲ್ಲಿ ಮಾತಾಡಿಸಲ್ಲ. ಇರಲಿ.

ಯೌವನಸ್ಥರೇ, ನಮ್ಮ ಸಂವಿಧಾನದ 25ನೇ ವಿಧಿ ನಿಮಗೆ ಗೊತ್ತು. ನಂಬಲು, ಆಚರಿಸಲು, ಸಾರಲು ಹಕ್ಕು. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಇದನ್ನು ಸ್ಟೇಟಸ್ಸಲ್ಲಿ ಹಾಕ್ತೀರಿ. ಆದರೆ ಆ ವಿಧಿ ಯಾರಿಗೆ ಅಂತ ಗಮನಿಸಿದ್ದೀರಾ? ಎಲ್ಲ ವ್ಯಕ್ತಿಗಳಿಗೆ, ಸಮಾನವಾಗಿ. ಕ್ರೈಸ್ತರಿಗೆ ಅಂತ ಅಲ್ಲಿ ಬರೆದಿಲ್ಲ. ಪಕ್ಕದ ಮನೆಯವರ ಹಕ್ಕು ಹೋದ ದಿನ, ನಮ್ಮದೂ ಕಾಗದದಲ್ಲಿ ಮಾತ್ರ ಉಳಿಯುತ್ತೆ.

ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದವರು ಹರೇಂದ್ರ ಕುಮಾರ್ ಮುಖರ್ಜಿ, ಬಂಗಾಳದ ಒಬ್ಬ ಕ್ರೈಸ್ತರು. 1949ರಲ್ಲಿ ಶಾಸನಸಭೆಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನ ಬೇಡ ಅನ್ನುವ ನಿಲುವಿಗೆ ಅವರು ಬೆಂಬಲ ಕೊಟ್ಟರು. ಆ ತೀರ್ಮಾನದ ಬಗ್ಗೆ ಈಗಲೂ ವಾದ ಮಾಡಬಹುದು. ಆದರೆ ಅದರ ಹಿಂದಿನ ನಂಬಿಕೆ ನೋಡಿ: ನಾವು ಬೇರೆ ಕೋಣೆಯಲ್ಲಿ ಕೂರಲ್ಲ, ಎಲ್ಲರ ಜೊತೆ ಒಂದೇ ಹಜಾರದಲ್ಲಿ ಕೂತು ಮಾತಾಡ್ತೀವಿ.

ಕೆಲವರು ಕೇಳ್ತೀರಿ, 'ಪಾಸ್ಟರ್, ನಾವು ಪರಲೋಕದ ಪ್ರಜೆಗಳಲ್ವಾ? ಇದೆಲ್ಲ ಲೋಕದ ವಿಷಯ ಅಲ್ವಾ?' ಒಳ್ಳೆ ಪ್ರಶ್ನೆ. ಆ ಮಾತು ಇರೋದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ 3:20ರಲ್ಲಿ. ಯಾವ ಊರು? ಫಿಲಿಪ್ಪಿ! ಪೌಲ 'ನಾನು ರೋಮನ್ ಪ್ರಜೆ' ಅಂದ ಅದೇ ಊರು. ಪರಲೋಕದ ಪೌರತ್ವ ಇದ್ದ ಮನುಷ್ಯನೇ ಭೂಲೋಕದ ಪೌರತ್ವವನ್ನು ಧೈರ್ಯವಾಗಿ ಬಳಸಿದ. ಕಳಕೊಳ್ಳಲು ಹೆದರದವನ ಕೈಲಿ ಹಕ್ಕು ಸೇವೆ ಆಗುತ್ತೆ.

ಹಾಗಾದರೆ ಈ ವಾರ ಏನು ಮಾಡೋಣ? ಊರಿಂದ ಬಂದು ಇಲ್ಲಿ ಪಿಜಿಯಲ್ಲಿರುವವರು ಮತದಾರರ ಪಟ್ಟಿಯಲ್ಲಿ ಹೆಸರು ಎಲ್ಲಿದೆ ನೋಡಿ. ಹೊಸ ಹೆಸರಿಗೆ ಫಾರ್ಮ್ 6, ವಿಳಾಸ ಬದಲಾವಣೆಗೆ ಫಾರ್ಮ್ 8. ಯಾರಿಗೆ ಓಟು ಹಾಕಬೇಕು ಅಂತ ಈ ಪ್ರಸಂಗವೇದಿಕೆಯಿಂದ ನಾನು ಯಾವತ್ತೂ ಹೇಳಲ್ಲ, ನೀವು ಪ್ರಾರ್ಥಿಸಿ ನಿರ್ಧರಿಸಿ. ಎರಡನೆಯದು, ಇನ್ನೊಂದು ಸಮುದಾಯವನ್ನು ಹೀಯಾಳಿಸುವ ಫಾರ್ವರ್ಡ್ ಬಂದರೆ, ನಮ್ಮ ಸಭೆಯ ಗ್ರೂಪಲ್ಲೇ ಬಂದರೂ, ಅದು ನಿಮ್ಮಲ್ಲೇ ನಿಲ್ಲಲಿ. ಮೂರನೆಯದು ಕಷ್ಟದ್ದು. ಯಾರಾದರೂ ನಿಮಗೆ 'ನಿಮ್ಮನ್ನ ಹೇಳ್ತಿಲ್ಲ' ಅಂದಾಗ, ನನ್ನ ಹಾಗೆ ನಗಬೇಡಿ.

ಕಣ್ಣು ಮುಚ್ಚೋಣ. ಕರ್ತನೇ, ನಮ್ಮ ಮೌನವನ್ನು ಕ್ಷಮಿಸು. ಈ ಪಟ್ಟಣದಲ್ಲಿ ನಮ್ಮನ್ನು ಇಟ್ಟವನು ನೀನು. ಆಳುವವರಿಗೆ ಜ್ಞಾನ ಕೊಡು, ಬಾಗಿಲು ಮುಚ್ಚಿಸಿಕೊಂಡವರಿಗೆ ಬಾಗಿಲು ತೆರೆ. ಪವಿತ್ರಾತ್ಮನೇ, ಮಾತಾಡಬೇಕಾದ ಹೊತ್ತಿನಲ್ಲಿ ನಮ್ಮ ನಾಲಿಗೆಗೆ ಬಲ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.